ಸಿಂಗಪುರದ ಡಬ್ಬಿ, ವೈಜಾಪುರದ ಬೊಂಬು

ನಾಸಿಕದ ಸಾತಪುರ ಶಾಖೆಯಲ್ಲಿ ಬ್ಯಾಂಕ್ ಅಧಿಕಾರಿಯಾಗಿದ್ದ ನರಹರಿರಾಯರಿಗೆ ಎರಡು ಸಂಗತಿಗಳನ್ನು ಸಹಿಸಲಾಗುತ್ತಿರಲಿಲ್ಲ. ಒಂದು, ಸಾಲಿನಲ್ಲಿ ನಿಲ್ಲುವುದು. ಇನ್ನೊಂದು, ಹೆಂಡತಿಯ ಅಣ್ಣ ಗೋವಿಂದ. ಮೊದಲನೆಯದನ್ನು ಅವರು ಬಾಯಿಬಿಟ್ಟು ಹೇಳುತ್ತಿದ್ದರು. ಎರಡನೆಯದನ್ನು ಹೆಂಡತಿ ವಸುಧಾ ಹೇಳದೆಯೇ ತಿಳಿದುಕೊಂಡಿದ್ದಳು. ದಿನವಿಡೀ ಕೌಂಟರಿನ ಮುಂದೆ ಊರವರನ್ನೆಲ್ಲ ಸಾಲಿನಲ್ಲಿ ನಿಲ್ಲಿಸುವ ಮನುಷ್ಯನಿಗೆ ತಾನು ನಿಲ್ಲುವುದೆಂದರೆ ಯಾಕಿಷ್ಟು ಸಿಟ್ಟು ಎಂದು ಕೇಳಬಾರದು. ಅಡಿಗೆಯವನಿಗೆ ತನ್ನ ಕೈಯಡಿಗೆ ಸೇರದಿರುವುದೂ ಉಂಟು.

ತೊಂಬತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಈ ಎರಡೂ ಸಂಗತಿಗಳು ಒಟ್ಟಿಗೆ ಬಂದು ಅವರ ಕೊರಳಿಗೆ ಬಿದ್ದವು. ವೈಜಾಪುರದ ಆಚೆ ಹೊಳೆಗೆ ಹೊಸ ಸೇತುವೆಯಾಗಿತ್ತು. ಕಟ್ಟಿದ ಗುತ್ತಿಗೆದಾರ ಸೇತುವೆಯ ಬಾಯಿಗೆ ಒಂದು ಬೊಂಬು ಅಡ್ಡ ಹಾಕಿ, ಪಕ್ಕದಲ್ಲಿ ತಗಡಿನ ಗೂಡು ನಿಲ್ಲಿಸಿ, ಟೋಲ್ ನಾಕಾ ಎಂದು ಬರೆಸಿದ್ದ. ನಾಸಿಕದಿಂದ ಔರಂಗಾಬಾದಿಗೆ ಹೋಗುವವರೆಲ್ಲ ಅಲ್ಲಿ ನಿಂತು, ಚಿಲ್ಲರೆ ಹುಡುಕಿ, ರಸೀತಿ ಇಸಿದುಕೊಂಡು, ಬೊಂಬು ಏಳುವುದನ್ನು ಕಾಯಬೇಕು. ರಾಯರು ತಮ್ಮ ಸೆಕೆಂಡ್ ಹ್ಯಾಂಡ್ ಫಿಯಾಟಿನಲ್ಲಿ ಅಲ್ಲಿ ಮೊದಲ ಸಲ ನಿಂತದ್ದು ಗೋವಿಂದನ ಮನೆಗೆ ಹೊರಟಾಗ. ಮುಂದೆ ಕಬ್ಬಿನ ಲಾರಿ, ಹಿಂದೆ ಎಸ್‌.ಟಿ. ಬಸ್ಸು. ಇಂಜಿನ್ ಕಾದು ಬಾನೆಟ್ಟಿನಿಂದ ಹೊಗೆ ಎದ್ದಿತು, ರಾಯರ ತಲೆಯಿಂದಲೂ ಎದ್ದಿತು.

ಗೋವಿಂದ ಔರಂಗಾಬಾದಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಟ್ರೇನಿಂಗಿಗೆಂದು ಸಿಂಗಪುರಕ್ಕೆ ಹೋಗಿ ಬಂದಿದ್ದ. ಆ ಸಂತೋಷಕ್ಕೆ ಹೋಳಿಗೆ ಊಟ. ಊಟದ ನಡುವೆ ಆತ ಎರಡು ತಂಬಿಗೆ ನಿಲ್ಲಿಸಿ, ಮೇಲೆ ಸೌಟು ಅಡ್ಡ ಇಟ್ಟು, ಕೆಳಗೆ ಒಂದು ಲಿಂಬೆಹಣ್ಣು ಉರುಳಿಸಿದ.

"ಇದು ಕಮಾನು. ಇದರಾಗ ಯಂತ್ರ ಅದ. ಲಿಂಬಿಕಾಯಿ ಅಂದ್ರ ಕಾರು. ಕಾರಿನ ಮುಂದಿನ ಕಾಜಿನ ಹಿಂದ ಒಂದ್ ಡಬ್ಬಿ. ಕಮಾನಿನ ಕೆಳಗ ಬಂದ ಕೂಡ್ಲೇ ಯಂತ್ರ ರೇಡಿಯೋದಾಗ ಕೇಳ್ತದ, ಯಾರಪಾ ನೀ? ಡಬ್ಬಿ ತನ್ನ ನಂಬರ್ ಹೇಳ್ತದ. ಡಬ್ಬಿಯೊಳಗ ಕಾರ್ಡ್ ಇರ್ತದ, ಅದರಾಗಿನ ರೊಕ್ಕ ತಾನ ಕಡೀತದ. ಟೀಂ ಅಂತದ. ಮುಗೀತು. ಗಾಡಿ ನಿಲ್ಲಂಗೇ ಇಲ್ಲ."

"ಡಬ್ಬಿನ ಇಲ್ಲಂದ್ರ?" ಎಂದು ಯಾರೋ ಕೇಳಿದರು.

"ಹಿಂದಿನಿಂದ ಕ್ಯಾಮೆರಾ ಪ್ಲೇಟಿನ ಫೋಟೋ ಹೊಡೀತದ. ಮನೀಗೆ ದಂಡದ ಚೀಟಿ ಬರ್ತದ. ಇನ್ನೊಂದು ಮಜಾ ಅಂದ್ರ, ಆಫೀಸಿನ ಹೊತ್ತಿನ್ಯಾಗ ಊರೊಳಗ ಹೊಂಟ್ರ ಜಾಸ್ತಿ ಕಡೀತದ, ಮಧ್ಯಾಹ್ನ ಹೊಂಟ್ರ ಕಡಿಮಿ. ಗದ್ದಲ ಆಗಬಾರದು ಅಂತ."

ಗೋವಿಂದನ ತಾಯಿ ಭಾನುಮತಿಬಾಯಿ ಇಷ್ಟನ್ನೂ ಲಕ್ಷ್ಯಗೊಟ್ಟು ಕೇಳಿದರು. "ಹಂಗಾರ ರೊಕ್ಕ ಇಸಗೊಂಡವರ ಮಾರಿನ ಕಾಣಂಗಿಲ್ಲೇನು?"

"ಮಾರಿ ಯಾಕ ಬೇಕವ್ವಾ?"

"ಮತ್ತ ಬಯ್ಯೂದು ಯಾರಿಗೆ?"

ಇಡೀ ಪಂಕ್ತಿ ನಕ್ಕಿತು. ನರಹರಿರಾಯರು ನಗಲಿಲ್ಲ. ಅವರ ಕಣ್ಣು ಗೋವಿಂದ ತಂದಿಟ್ಟಿದ್ದ ಡಬ್ಬಿಯ ಮೇಲಿತ್ತು. ಅಪಘಾತದಲ್ಲಿ ಜಜ್ಜಿಹೋದ ಟ್ಯಾಕ್ಸಿಯೊಂದರಿಂದ ಬಿಚ್ಚಿದ್ದಂತೆ, ಅಂಗೈಯಗಲದ ಕರಿಯ ಡಬ್ಬಿ. ರಾಯರ ನೋಟ ಕಂಡು ಗೋವಿಂದ, "ತಗೋರಿ, ನೀವ ಇಟ್ಕೋರಿ. ಇಲ್ಲೆ ಏನೂ ಉಪಯೋಗಿಲ್ಲ, ನೋಡ್ಲಿಕ್ಕೆ ಛಂದ ಅದ, ಅಷ್ಟ" ಎಂದ.

ಈ ಮಾತಿನಲ್ಲಿ ಕೊನೆಯರ್ಧವಷ್ಟೇ ರಾಯರಿಗೆ ರುಚಿಸಿತು. ಮರುದಿನ ನಾಸಿಕಕ್ಕೆ ಹೊರಡುವಾಗ ಡಬ್ಬಿ ಫಿಯಾಟಿನ ಮುಂಗಾಜಿನ ಮೇಲ್ಭಾಗದಲ್ಲಿ, ಕನ್ನಡಿಯ ಪಕ್ಕ, ಅಂಟಿಕೊಂಡಿತ್ತು.

ಮಗಳ ಮನೆಯಲ್ಲಿ ಕೆಲವು ದಿನ ಇರಲೆಂದು ಭಾನುಮತಿಬಾಯಿಯೂ ಹೊರಟರು. ಬಿಸಿಲು ಕೆಂಡದಂತಿತ್ತು. ಮುದುಕಿ ಹಿಂದಿನ ಸೀಟಿನಲ್ಲಿ ಮಗಳ ತೊಡೆಯ ಮೇಲೆ ತಲೆಯಿಟ್ಟು, ನೊಣ ಬರಬಾರದೆಂದು ಗೋವಿಂದನ ಒಗೆದ ಬಿಳಿ ಧೋತರವನ್ನು ಅಡಿಯಿಂದ ಮುಡಿಯವರೆಗೆ ಹೊದ್ದು, ಗಡದ್ದಾಗಿ ನಿದ್ದೆ ಹೋದರು. ವಸುಧಾಗೆ ಆ ಕಾರಿನ ಪೆಟ್ರೋಲ್ ವಾಸನೆ ಆಗುತ್ತಿರಲಿಲ್ಲ. ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿ, ತಲೆ ಹಿಂದಕ್ಕೆ ಒರಗಿಸಿ ಕೂತಿದ್ದಳು. ಇಂಜಿನ್ ಕಾಯುತ್ತದೆಂಬ ಭಯಕ್ಕೆ ರಾಯರು ಆಳು ನಡೆದಷ್ಟೇ ವೇಗದಲ್ಲಿ ನಾಕಾದ ಹತ್ತಿರ ಬಂದರು.

ನಾಕಾದಲ್ಲಿ ಆ ದಿನ ಇದ್ದವನು ಕಾರಭಾರಿ ಎಂಬ ನಡುವಯಸ್ಸು ದಾಟಿದ ಮನುಷ್ಯ. ಬಿಳಿ ಟೊಪ್ಪಿಗೆ, ಬತ್ತಿದ ಕೆನ್ನೆ. ರಸೀತಿ ಪುಸ್ತಕ ಹಿಡಿದು ಕಾರಿನ ಹತ್ತಿರ ಬಂದವನು ಹಿಂದಿನ ಸೀಟು ನೋಡಿ ಥಟ್ಟನೆ ನಿಂತ. ದನಿ ತಗ್ಗಿಸಿ ಮರಾಠಿಯಲ್ಲಿ, "ಏನಾಯ್ತು, ಸಾಹೇಬ?" ಎಂದು ಕೇಳಿದ.

ಆ ಪ್ರಶ್ನೆ ತಮ್ಮ ಡಬ್ಬಿಯನ್ನು ಕುರಿತದ್ದೆಂದು ರಾಯರು ತಿಳಿದರು. ಗಂಭೀರವಾಗಿ ಒಂದು ಬೆರಳೆತ್ತಿ ಮೇಲೆ ತೋರಿಸಿದರು.

ಕಾರಭಾರಿ ಟೊಪ್ಪಿಗೆ ತೆಗೆದ. ಎದುರಿನಿಂದ ನುಗ್ಗುತ್ತಿದ್ದ ಲಾರಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದ. ಬೊಂಬು ಎದ್ದಿತು. ಆತ ಕೈ ಜೋಡಿಸಿ, ತಲೆ ಬಾಗಿಸಿ ನಿಂತ. ಫಿಯಾಟು ಅವನ ಮುಂದೆ ಹಾಯುವಾಗ ಅದರ ಬ್ರೇಕು ಟೀಂ ಎಂದಿತು.

ರಾಯರಿಗೆ ರೋಮಾಂಚನವಾಯಿತು.

"ಕೇಳಿದ್ಯಾ?" ಎಂದರು ಹೆಂಡತಿಗೆ.

"ಏನು?" ಎಂದಳು ಕಣ್ಣು ಮುಚ್ಚಿಯೇ ಇದ್ದ ವಸುಧಾ.

"ಟೀಂ ಅಂತು! ನಿಮ್ಮಣ್ಣ ಉಪಯೋಗಿಲ್ಲ ಅಂದಿದ್ದ. ಅವನಿಗೇನ್ ಗೊತ್ತದ? ಇವ್ರು ಒಳಗಿಂದೊಳಗ ಯಂತ್ರ ಕೂಡಿಸ್ಯಾರ, ಮಂದಿಗೆ ಹೇಳಿಲ್ಲ. ರೇಡಿಯೋ ಅಂದ್ರ ರೇಡಿಯೋ. ಸಿಂಗಪುರ ಆದ್ರೇನು, ವೈಜಾಪುರ ಆದ್ರೇನು?"

ಸಾತಪುರದ ಅವರ ಕಾಲೊನಿಯಲ್ಲಿ ಸುದ್ದಿ ಹಬ್ಬಿಸಲು ಬೇರೆ ಯಂತ್ರ ಬೇಕಿರಲಿಲ್ಲ. ಪಕ್ಕದ ಮನೆಯ ಗೋದಾವರಿಬಾಯಿ ಇದ್ದರು. ಸಂಜೆಯೊಳಗೆ ನರಹರಿರಾಯರ ಗಾಡಿ ಕಂಡರೆ ನಾಕಾದ ಬೊಂಬು ತಾನಾಗಿ ಏಳುತ್ತದೆ ಎಂದಾಯಿತು. ಮರುದಿನದ ಹೊತ್ತಿಗೆ ಗಾಡಿ ಇನ್ನೂ ಹಿಂದಿನ ಯೇವಲೆ ಊರಿನಲ್ಲಿರುವಾಗಲೇ ಏಳುತ್ತದೆ ಎಂದಾಯಿತು. ರಾಯರು ಅದನ್ನು ತಿದ್ದಲು ಹೋಗಲಿಲ್ಲ; ದೊಡ್ಡವರು ಸಣ್ಣ ತಪ್ಪುಗಳನ್ನು ಎತ್ತಿ ಆಡುವುದಿಲ್ಲ.

ಸೊಸಾಯಿಟಿಯ ಸಭೆಯಲ್ಲಿ ಅವರಿಂದ ಭಾಷಣ ಮಾಡಿಸಿದರು. ಎರಡು ಕುರ್ಚಿಗಳ ಮೇಲೆ ಕಸಬರಿಗೆ ಅಡ್ಡ ಇಟ್ಟು ಕಮಾನು ಮಾಡಿದರು. ಡಬ್ಬಿಯಲ್ಲಿ ಕಾರ್ಡೇ ಇಲ್ಲವಲ್ಲ, ದುಡ್ಡು ಎಲ್ಲಿಂದ ಕತ್ತರಿಸಿತು ಎಂದು ಒಬ್ಬರು ಕೇಳಿದರು. ರಾಯರು ಕ್ಷಣ ತಡೆದು, "ಇದು ಆಂತರರಾಷ್ಟ್ರೀಯ ಡಬ್ಬಿ. ಇದಕ್ಕೆ ಗೌರವ ಅಂತ ಇರ್ತದ. ನಾಕಾದವನು ಟೊಪ್ಪಿಗಿ ತೆಗೆದು ಕೈ ಮುಗಿದಾನ, ಗೊತ್ತದೇನು?" ಎಂದರು. ಕಾರ್ಡಿನ ಪ್ರಶ್ನೆ ಅಲ್ಲಿಗೆ ಸತ್ತಿತು.

"ಟೊಪ್ಪಿಗಿ ತೆಗೆದ್ನೇನು?" ಎಂದು ವಸುಧಾ ಮನೆಯಲ್ಲಿ ಕೇಳಿದಳು. "ಯಾಕ ತೆಗೆದ?"

"ತಂತ್ರಜ್ಞಾನಕ್ಕ ಮರ್ಯಾದಿ."

"ನಿಮ್ಮ ಬ್ಯಾಂಕಿನ್ಯಾಗ ಹೊಸಾ ಕಂಪ್ಯೂಟರ್ ಬಂದಾಗ ನೀವು ತೆಗೆದ್ರೇನು?"

"ನಾ ಟೊಪ್ಪಿಗಿ ಹಾಕೂದಿಲ್ಲ" ಎಂದು ರಾಯರು ಸ್ನಾನಕ್ಕೆ ಹೋದರು.

ಮೂರನೆಯ ಮನೆಯ ರೇವಣಪ್ಪ ಬೀದರ ಕಡೆ ಭಾಲ್ಕಿಯವನು. ವೈಜಾಪುರದ ಸೇತುವೆಯಾಚೆಯ ಹಳ್ಳಿಗಳಿಂದ ಟೊಮೆಟೊ ತಂದು ನಾಸಿಕದ ಮಾರ್ಕೆಟ್ಟಿಗೆ ಹಾಕುವ ವ್ಯಾಪಾರ. ಟೆಂಪೋ ಹೊಡೆಯುವವನು ಅವನ ಹೆಂಡತಿ ಚನ್ನಮ್ಮನ ತಮ್ಮ ವೈಜನಾಥ. ನಾಕಾದ ಸಾಲಿನಲ್ಲಿ ಟೆಂಪೋ ಸಿಕ್ಕಿಬಿದ್ದರೆ ಮಾರ್ಕೆಟ್ಟಿನ ಹರಾಜು ಮುಗಿದಿರುತ್ತಿತ್ತು, ಟೊಮೆಟೊ ಬಿಸಿಲಿಗೆ ಬಾಡಿರುತ್ತಿತ್ತು. ರೇವಣಪ್ಪ ಬಂದು ರಾಯರ ಮುಂದೆ ಕೈಕಟ್ಟಿ ಕೂತ.

"ಸಾಹೇಬ್ರ, ಒಂದಿನ ಆ ಡಬ್ಬಿ ನಮ್ಮ ಟೆಂಪೋಕ್ ಕೊಡ್ರಿ. ಮಾಲ್ ಎಲ್ಲಾ ಹಾದ್ಯಾಗ ಕೊಳೀಲತ್ತದ."

"ಅದು ಯಾರ್‍ಯಾರಿಗೋ ಕೊಡೂದಲ್ಲ, ರೇವಣಪ್ಪ."

"ನಾವೇನ್ ಯಾರ್‍ಯಾರೋ ಏನ್ರಿ? ಪರವೂರಾಗ ಕನ್ನಡ ಮಾತಾಡೋರು ನೀವೊಬ್ರು, ನಾವೊಬ್ರು. ನಿಮ್ಮಷ್ಟು ತಿಳದೋರು ಈ ನಾಸಿಕದಾಗ ಯಾರ ಹಾರ್ರಿ?"

ಕೊನೆಯ ಮಾತಿಗೆ ರಾಯರು ಕರಗಿದರು. ಡಬ್ಬಿ ಬಿಚ್ಚಿ ಕೊಟ್ಟು, ವೈಜನಾಥನನ್ನು ಕರೆದು ಬುದ್ಧಿ ಹೇಳಿದರು: "ನಿಲ್ಲಬಾರದು. ನಿಂತ್ರ ಯಂತ್ರಕ್ಕ ಗೊಂದಲ ಆಗ್ತದ. ಸೀದಾ ಹೋಗು."

ವೈಜನಾಥ ವಿಧೇಯ ಹುಡುಗ. ಸೀದಾ ಹೋದ.

ಮರುದಿನ ಭಾನುವಾರ. ರಾಯರು ಚಹಾ ಕುಡಿಯುತ್ತಿರುವಾಗ ರೇವಣಪ್ಪ ಬರಿಗಾಲಲ್ಲೇ ಓಡಿಬಂದ. ನಾಕಾದಿಂದ ಫೋನು ಬಂದಿತ್ತು. ಟೆಂಪೋ ಬೊಂಬನ್ನು ಮುರಿದುಕೊಂಡು ಹೋಗಿ ಸೇತುವೆಯ ಕಟ್ಟೆಗೆ ಒರಗಿ ನಿಂತಿದೆ. ವೈಜನಾಥನಿಗೆ ಏನೂ ಆಗಿಲ್ಲ, ಆದರೆ ಹಿಡಿದು ಕೂಡಿಸಿದ್ದಾರೆ. ಟೊಮೆಟೊ ಎಲ್ಲ ರಸ್ತೆಯ ಮೇಲೆ.

"ನೀವು ಬರಲೇಬೇಕ್ರಿ ಸಾಹೇಬ್ರ. ಅವ ನಿಮಗ ಕರೀಲತ್ತಾನಂತ."

ಚನ್ನಮ್ಮ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ರಾಯರು ಅಂಗಿ ತೊಟ್ಟರು. ಸುದ್ದಿ ಕೇಳಿದ ಭಾನುಮತಿಬಾಯಿ, "ಹೆಂಗೂ ಔರಂಗಾಬಾದಿನ ಹಾದಿ. ನನ್ನೂ ಗೋವಿಂದನ ಮನಿ ಮುಟ್ಟಿಸಿಬಿಡ್ರಿ" ಎಂದು ಗಂಟು ಕಟ್ಟಿಕೊಂಡು ಕಾರಿನಲ್ಲಿ ಕೂತರು. ತಾಯಿಯ ಜೊತೆ ಮಗಳೂ ಕೂತಳು. ರೇವಣಪ್ಪ ಮುಂದಿನ ಸೀಟಿಗೆ ಹತ್ತಿದ. ದಾರಿಯುದ್ದಕ್ಕೂ ಕಾರು ಪ್ರತಿ ತಿರುವಿನಲ್ಲೂ ಟೀಂ ಎಂದಿತು. ಡಬ್ಬಿಯಿಲ್ಲದೆ ಅದು ಹೇಗೆ ಟೀಂ ಎನ್ನುತ್ತದೆಂದು ವಸುಧಾ ಕೇಳಲಿಲ್ಲ. ಕನ್ನಡಿಯಲ್ಲಿ ಗಂಡನ ಮುಖ ನೋಡಿದಳು, ಅಷ್ಟೆ.

ನಾಕಾದ ಮುಂದೆ ರಸ್ತೆ ಕೆಂಪಗೆ ಹರಿದಿತ್ತು. ಬೊಂಬಿನ ಜಾಗದಲ್ಲಿ ಹಗ್ಗ ಕಟ್ಟಿದ್ದರು. ಎರಡೂ ಕಡೆ ಗಾಡಿಗಳ ಸಾಲು. ಇಳಿದ ಡ್ರೈವರುಗಳು ತಗಡಿನ ಗೂಡನ್ನು ಸುತ್ತುವರಿದಿದ್ದರು. ಒಂದು ಬುಟ್ಟಿಯ ಮೇಲೆ ವೈಜನಾಥ ತಲೆತಗ್ಗಿಸಿ ಕೂತಿದ್ದ. ಕುರ್ಚಿಯಲ್ಲಿ ಗುತ್ತಿಗೆದಾರನ ಮ್ಯಾನೇಜರ್ ಬೋರಸ್ತೆ, ದಪ್ಪ ಮೀಸೆಯವನು. ಅವನ ಮುಂದೆ ಕಾರಭಾರಿ ನಿಂತಿದ್ದ. ಅತ್ತೆ ಮತ್ತು ಹೆಂಡತಿಯನ್ನು ಕಾರಿನಲ್ಲೇ ಬಿಟ್ಟು ರಾಯರೂ ರೇವಣಪ್ಪನೂ ಗುಂಪಿನೊಳಗೆ ನುಸುಳಿದರು.

"ಈ ಹುಡುಗ ಹೇಳ್ತಾನೆ," ಬೋರಸ್ತೆ ಗರ್ಜಿಸುತ್ತಿದ್ದ, "ಮೊನ್ನೆ ಒಂದು ಫಿಯಾಟು ದುಡ್ಡು ಕೊಡದೆ ಹೋಯಿತಂತೆ. ನೀನೇ ಬಿಟ್ಟೆಯಂತೆ. ಅದಕ್ಕೇ ಇವನೂ ನುಗ್ಗಿದನಂತೆ. ಹೌದೋ ಅಲ್ಲವೋ?"

"ಬಿಟ್ಟದ್ದು ಹೌದು, ಸಾಹೇಬ" ಎಂದ ಕಾರಭಾರಿ. "ಅದರಲ್ಲಿ ಹೆಣವಿತ್ತು."

ರಾಯರು ಸುತ್ತ ನೋಡಿದರು; ಯಾವ ಫಿಯಾಟು, ಯಾವ ಹೆಣ?

"ಒಬ್ಬ ತಾಯಿ. ಅಡಿಯಿಂದ ಮುಡಿಯವರೆಗೆ ಬಿಳಿ ಬಟ್ಟೆ. ಮಗಳು ತೊಡೆಯ ಮೇಲೆ ಹಾಕಿಕೊಂಡು ಅಳುತ್ತಿದ್ದಳು. ಏನಾಯ್ತು ಅಂತ ಕೇಳಿದೆ. ಆ ಮನುಷ್ಯನಿಗೆ ಬಾಯಿಂದ ಮಾತೇ ಬರಲಿಲ್ಲ, ಹೀಗೆ ಬೆರಳೆತ್ತಿ ಮೇಲೆ ತೋರಿಸಿದ. ಹೆಣದ ಗಾಡಿ ನಿಲ್ಲಿಸಬಾರದು ಅಂತ ನೀವೇ ಹೇಳಿದ್ದೀರಿ. ಆ ತಾಯಿಯ ಆಣೆ, ಸಾಹೇಬ, ನಾನು ಕಣ್ಣಾರೆ ಕಂಡೆ."

ಇದೇ ಹೊತ್ತಿಗೆ ಗುಂಪನ್ನು ಸರಿಸಿಕೊಂಡು, ಕೈಯಲ್ಲಿ ಖಾಲಿ ತಂಬಿಗೆ ಹಿಡಿದು, ಭಾನುಮತಿಬಾಯಿ ಬಂದರು. "ಇಲ್ಲಿ ಕುಡಿಯಲು ನೀರು ಸಿಗುತ್ತೇನಪ್ಪಾ?" ಎಂದು ಮರಾಠಿಯಲ್ಲಿ ಕೇಳಿದರು. ಹಿಂದೆಯೇ ಮೂಗಿಗೆ ಕರವಸ್ತ್ರ ಒತ್ತಿಕೊಂಡ ವಸುಧಾ.

ಕಾರಭಾರಿ ಮಗಳನ್ನು ನೋಡಿದ. ಬಿಳಿ ಧೋತರ ಹೆಗಲಿಗೆ ಹಾಕಿಕೊಂಡ ಮುದುಕಿಯನ್ನು ನೋಡಿದ. ಆಮೇಲೆ ರಾಯರನ್ನು ನೋಡಿದ. ನಿಂತಲ್ಲೇ ಕುಸಿದು ಕೂತ.

"ಇವರೇ" ಎಂದ.

"ಯಾರಿವರು?"

"ಹೆಣ."

ಬೋರಸ್ತೆ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಹೆಣಕ್ಕೆ ಬಾಯಾರಿಕೆ! ದುಡ್ಡು ತಿಂದು ಗಾಡಿ ಬಿಟ್ಟು ನನ್ನ ಮುಂದೆ ಹರಿಕಥೆ ಹೇಳ್ತೀಯಾ? ನಾಳೆಯಿಂದ ಇತ್ತ ಕಡೆ ತಲೆ ಹಾಕಬೇಡ. ಈ ಬೊಂಬಿನ ದಂಡವೂ ನಿನ್ನ ಸಂಬಳದಲ್ಲೇ."

ಕಾರಭಾರಿ ಟೊಪ್ಪಿಗೆ ತೆಗೆದು ಮಡಿಲಲ್ಲಿಟ್ಟುಕೊಂಡ. ರಾಯರು ಸುಮ್ಮನಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ರಾಯರ ಹೆಸರು ಯಾರೂ ಕೇಳಿರಲಿಲ್ಲ. ರೇವಣಪ್ಪನೇ ತೋಳು ಜಗ್ಗಿ ಪಿಸುಗುಟ್ಟಿದ: "ಸುಮ್ ಇರ್‍ರಿ ಸಾಹೇಬ್ರ, ಪೋರಗ ಬಿಟ್ರ ಸಾಕು, ನಡೀರಿ ಹೋಗಮ್." ವಸುಧಾ ಮೂಗಿನಿಂದ ಕರವಸ್ತ್ರ ತೆಗೆದಳು. ಗಂಡನ ಕಡೆ ತಿರುಗಿದಳು.

ರಾಯರು ಗಂಟಲು ಸರಿಮಾಡಿಕೊಂಡರು. ತಂಬಿಗೆ, ಸೌಟು, ಕುರ್ಚಿ, ಕಸಬರಿಗೆ ಯಾವುದರ ಆಸರೆಯೂ ಇಲ್ಲದೆ ಅವರು ಮಾತಾಡಿದ್ದು ಅದೇ ಮೊದಲು.

"ಅವನದು ತಪ್ಪಿಲ್ಲ. ಫಿಯಾಟು ನನ್ನದು. ಇವರು ನನ್ನ ಅತ್ತೆ, ನಿದ್ದೆ ಮಾಡುತ್ತಿದ್ದರು. ನಾನು ಮೇಲೆ ತೋರಿಸಿದ್ದು ದೇವರನ್ನಲ್ಲ. ಡಬ್ಬಿಯನ್ನು."

"ಯಾವ ಡಬ್ಬಿ?"

ಹೇಳಬೇಕಾಯಿತು. ಸಿಂಗಪುರ, ಕಮಾನು, ರೇಡಿಯೋ, ಕಾರ್ಡು. ಅಲ್ಲಿ ದೂರದ ಯಂತ್ರ ಡಬ್ಬಿಯನ್ನು ಗುರುತು ಹಿಡಿಯುತ್ತದೆ, ಇಲ್ಲಿಯೂ ಹಿಡಿಯಿತೆಂದು ತಾನು ನಂಬಿದೆ. ಬ್ರೇಕಿನ ಟೀಂ ಅನ್ನು ಯಂತ್ರದ ಟೀಂ ಎಂದುಕೊಂಡದ್ದು, ಲಾರಿ ತಡೆದು ಟೊಪ್ಪಿಗೆ ತೆಗೆದದ್ದನ್ನು ಸಲಾಮು ಎಂದುಕೊಂಡದ್ದು, ವೈಜನಾಥನಿಗೆ ನಿಲ್ಲಬೇಡ ಎಂದದ್ದು. ಮರಾಠಿ ಸಾಲದೆ ಹೋದಲ್ಲಿ ಹಿಂದಿ, ಹಿಂದಿ ಸಾಲದಲ್ಲಿ ಕೈಸನ್ನೆ. ಡ್ರೈವರುಗಳಲ್ಲಿ ಮೊದಲು ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಬೋರಸ್ತೆ ಮೀಸೆ ಒರೆಸಿಕೊಳ್ಳುತ್ತ, ಬಿದ್ದ ಕುರ್ಚಿಯನ್ನು ಹಿಡಿದುಕೊಂಡು ನಕ್ಕ. ಬ್ಯಾಂಕಿನ ಅಧಿಕಾರಿ ಟೊಮೆಟೊ ರಸದಲ್ಲಿ ನಿಂತು, ಮುಗಿಯುವವರೆಗೂ ಹೇಳಿದರು.

ನಗದೇ ಇದ್ದವರು ಇಬ್ಬರು. ಕಾರಭಾರಿ ಎದ್ದು ಬಂದು ಭಾನುಮತಿಬಾಯಿಯ ಕಾಲು ಮುಟ್ಟಿದ. "ಕ್ಷಮಿಸಿ ಮಾಯೀ, ಜೀವವಿದ್ದವರನ್ನು ಸತ್ತವರೆಂದುಕೊಂಡೆ."

"ಅದಿರಲಿ," ಎಂದರು ಭಾನುಮತಿಬಾಯಿ, "ಯಾರೋ ಏನೋ, ಗುರುತಿಲ್ಲದ ಮುದುಕಿ. ಟೊಪ್ಪಿಗೆ ಯಾಕೆ ತೆಗೆದೆ? ಲಾರಿ ಯಾಕೆ ನಿಲ್ಲಿಸಿದೆ?"

ಆತ ಹೊಳೆಯ ಕಡೆ ತೋರಿಸಿದ. "ಆಗ ಸೇತುವೆ ಇರಲಿಲ್ಲ. ಅವ್ವನಿಗೆ ಜಡ್ಡಾಗಿ ಔರಂಗಾಬಾದಿನ ದವಾಖಾನೆಗೆ ಒಯ್ಯುತ್ತಿದ್ದೆ. ಹೊಳೆ ತುಂಬಿತ್ತು. ಇಳಿಯುವವರೆಗೆ ದಂಡೆಯಲ್ಲೇ ಬಂಡಿ ನಿಲ್ಲಿಸಿದ್ದೆ. ನೀರಿಳಿಯಿತು, ಅವ್ವ ಇರಲಿಲ್ಲ. ಈಗ ಸೇತುವೆ ಆಗಿದೆ, ನಾನೇ ಬೊಂಬು ಹಿಡಿದು ನಿಂತಿದ್ದೇನೆ. ಅಂಥ ಗಾಡಿ ಬಂದರೆ ನಿಲ್ಲಿಸಲಿಕ್ಕೆ ಕೈ ಬರೋದಿಲ್ಲ, ಮಾಯೀ."

ಭಾನುಮತಿಬಾಯಿ ತಂಬಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಬೋರಸ್ತೆ ಕೆಮ್ಮಿದ. ಗೂಡಿನೊಳಗೆ ಹೋಗಿ ತಾನೇ ತಂಬಿಗೆಗೆ ನೀರು ತುಂಬಿಸಿ ತಂದ.

ಆಮೇಲೆ ತೀರ್ಪು ಕೊಟ್ಟ. ಕಾರಭಾರಿ ಕೆಲಸದಲ್ಲಿರುತ್ತಾನೆ. ಹೊಸ ಬೊಂಬು ರೇವಣಪ್ಪ ತರಿಸಬೇಕು. ಅದು ವೈಜಾಪುರದಿಂದ ಬರುವವರೆಗೆ ಈ ಹಗ್ಗ ಏರಿಸಿ ಇಳಿಸುವವರು ಬೇಕು. "ಸಾಹೇಬರಿಗೆ ಟೋಲಿನ ವಿಷಯ ಚೆನ್ನಾಗಿ ಗೊತ್ತಿದೆ" ಎಂದ.

ಹೀಗೆ ನರಹರಿರಾಯರು ಹಗ್ಗದ ಒಂದು ತುದಿ, ರೇವಣಪ್ಪ ಇನ್ನೊಂದು ತುದಿ ಹಿಡಿದು ಬಿಸಿಲಲ್ಲಿ ನಿಂತರು. ವಸುಧಾ ಸೆರಗು ಸಿಕ್ಕಿಸಿ, ವೈಜನಾಥನ ಜೊತೆ ರಸ್ತೆಯ ಮೇಲಿನ ಗಟ್ಟಿ ಟೊಮೆಟೊಗಳನ್ನು ಆರಿಸಿ ಬುಟ್ಟಿಗೆ ತುಂಬಿದಳು. ಕಾರಭಾರಿ ರಸೀತಿ ಹರಿದು "ಹಾಂ" ಎಂದರೆ ಹಗ್ಗ ಬೀಳಬೇಕು. ಸುದ್ದಿ ಸಾಲಿನುದ್ದಕ್ಕೂ ಹಬ್ಬಿತ್ತು. "ಬಾಬೂಜಿ, ಕಂಪ್ಯೂಟರ್ ಚಾಲೂ ಕರೋ!" ಎಂದು ಪಂಜಾಬಿ ಲಾರಿಯವನು ಕೂಗಿದ. ಹಗ್ಗ ಬಿದ್ದಾಗಲೆಲ್ಲ ಕ್ಲೀನರ್ ಹುಡುಗರು ಬಾಯಲ್ಲೇ "ಟೀಂ" ಅನ್ನುತ್ತಿದ್ದರು.

ಮಧ್ಯಾಹ್ನದ ಸುಮಾರಿಗೆ ಬಂದು ನಿಂತ ಬಿಳಿ ಜೀಪಿನ ಕಿಟಕಿ ಇಳಿಯಿತು. ಒಳಗೆ ಬ್ಯಾಂಕಿನ ವಿಭಾಗೀಯ ಮುಖ್ಯಸ್ಥರು, ಕುಟುಂಬ ಸಮೇತ ಘೃಷ್ಣೇಶ್ವರಕ್ಕೆ ಹೊರಟವರು.

"ಅರೇ, ನರಹರಿ! ನೀವು ಇಲ್ಲಿ?"

ರಾಯರಿಗೆ ಎರಡೂ ಕೈಯಲ್ಲಿ ಹಗ್ಗ. ನಮಸ್ಕಾರ ಮಾಡಲೂ ಆಗಲಿಲ್ಲ. "ಟೋಲ್ ಹೇಗೆ ನಡೆಯುತ್ತೆ ಅಂತ ನೋಡಲಿಕ್ಕೆ ಬಂದಿದ್ದೆ, ಸರ್" ಎಂದರು.

"ಹೇಗೆ ನಡೆಯುತ್ತೆ?"

ರಾಯರು ಕಾರಭಾರಿಯ ಕಡೆ ನೋಡಿದರು. ಆತ ಜೀಪಿನೊಳಗೆ ಒಂದು ಸಲ ಇಣುಕಿ, ಎಲ್ಲರೂ ಕ್ಷೇಮವಾಗಿ ಕೂತಿರುವುದನ್ನು ಕಂಡು, ರಸೀತಿ ಹರಿದ.

"ಮೊದಲು ಒಳಗೆ ಯಾರು ಇದ್ದಾರೆ ಅಂತ ನೋಡ್ತಾರೆ, ಸರ್" ಎಂದರು ರಾಯರು, ಹಗ್ಗ ಇಳಿಸುತ್ತ.

ಬಿಸಿಲು ವಾಲಿದ ಮೇಲೆ ಎತ್ತಿನಗಾಡಿಯಲ್ಲಿ ಹೊಸ ಬೊಂಬು ಬಂತು. ವೈಜನಾಥ ಟೆಂಪೋವನ್ನು ಕಟ್ಟೆಯಿಂದ ಬಿಡಿಸಿಕೊಂಡು ರೇವಣಪ್ಪನೊಂದಿಗೆ ನಾಸಿಕದ ಹಾದಿ ಹಿಡಿದ. ರಾಯರ ಅಂಗೈ ಕೆಂಪಾಗಿ ಬೊಬ್ಬೆ ಎದ್ದಿತ್ತು. ಸ್ಟಿಯರಿಂಗ್ ಹಿಡಿಯಲಾರದೆ ಹಿಡಿದು ಕಾರನ್ನು ಬೊಂಬಿನ ಮುಂದೆ ತಂದರು. ಬೋರಸ್ತೆ ಗೂಡಿನಿಂದಲೇ, ಬಿಡು ಎಂದು ಕೈ ಬೀಸಿದ. ಕಾರಭಾರಿ ಬೊಂಬು ಎತ್ತಲು ಹೋದ.

"ತಡಿ" ಎಂದರು ಹಿಂದಿನ ಸೀಟಿನಿಂದ ಭಾನುಮತಿಬಾಯಿ. ಸೊಂಟದ ಸಂಚಿ ಬಿಚ್ಚಿ ದುಡ್ಡು ತೆಗೆದು ಕಿಟಕಿಯಿಂದ ಚಾಚಿದರು.

"ಬೇಡ, ಮಾಯೀ. ಸಾಹೇಬರೇ ಬಿಡು ಅಂದಿದ್ದಾರೆ."

"ಪುಕ್ಕಟೆ ಹೋಗೋದು ಸತ್ತವರು. ನಾನು ಜೀವಂತ ಇದ್ದೀನಿ, ತಗೋ. ರಸೀತಿ ಬರಿ."

ಕಾರಭಾರಿ ಪುಸ್ತಕ ತೆರೆದ. ಗಾಡಿಯ ನಂಬರು ಬರೆಯಲು ಹೋದವನನ್ನು ಮುದುಕಿ ಮತ್ತೆ ತಡೆದರು. ಊರಿಗೆಲ್ಲ ತನ್ನ ಸಾವಿನ ಸುದ್ದಿ ಮುಟ್ಟಿದೆ, ನಂಬರಿನಿಂದ ಏನು ಪ್ರಯೋಜನ, ಇದ್ದದ್ದು ಇದ್ದ ಹಾಗೆ ಬರಿ ಎಂದರು. ಆತ ಪೆನ್ನಿನ ತುದಿ ಕಚ್ಚಿ ಯೋಚಿಸಿ, ಇಡೀ ರಸೀತಿ ತುಂಬುವಂತೆ ದೊಡ್ಡ ಅಕ್ಷರಗಳಲ್ಲಿ ಬರೆದು, ಮೊಹರು ಒತ್ತಿ ಹರಿದುಕೊಟ್ಟ. ಕನ್ನಡಕವಿಲ್ಲದ ಭಾನುಮತಿಬಾಯಿ ಅದನ್ನು ಮಗಳ ಕೈಗಿತ್ತರು.

"'ಆಜಿ ಜಿವಂತ ಆಹೇತ್', ಅಜ್ಜಿ ಜೀವಂತ ಇದ್ದಾರ ಅಂತ ಬರದಾನ" ಎಂದಳು ವಸುಧಾ.

"ಸಿಕ್ಕಾ ಹೊಡೆದಾನೇನು?"

"ಹೊಡೆದಾನ."

"ಹಂಗಾರ ನಡೀರಿ, ಅಳಿಯಂದ್ರ," ಎಂದು ಭಾನುಮತಿಬಾಯಿ ಕಾಲು ಚಾಚಿ ಕೂತರು. "ಇನ್ನ ಜೋರ್ ಹೊಡೀರಿ. ಸತ್ತವರನ್ನ ಒಯ್ದಂಗ ಒಯ್ಯಬ್ಯಾಡ್ರಿ."